ಬಿಸ್ಲೆಟ್ ಮುಂದಿನ ಗ್ರೇಟೆ

ಜನವರಿ ಭಾನುವಾರ, ಓಸ್ಲೋದಲ್ಲಿ ಮೈನಸ್ 11, ಬೆಳಗ್ಗೆ ಎಂಟಾದ್ರೂ ಕತ್ತಲೆ. ಹೋದ್ ವರ್ಷ ಇಂಥದೇ ದಿನ ಧೈರ್ಯ ಮಾಡಿ ರಸ್ತೇಲಿ ಓಡಕ್ಕೋಗಿ ಜಾರಿ ಬಿದ್ದು ಸೊಂಟ ಹಿಡ್ಕೊಂಡಿತ್ತು, ಅದಕ್ಕೆ ಈ ಸಲ ಸುಮ್ನೆ ಬಿಸ್ಲೆಟ್ ಸ್ಟೇಡಿಯಂಗೆ ಹೋದೆ, ಗ್ಯಾಲರಿ ಕೆಳಗೆ ಸುತ್ತಲೂ ಇಂಡೋರ್ ಟ್ರ್ಯಾಕ್ ಇದೆ ಅಲ್ಲಿ. ಹೊರಗಡೆ ನಾರ್ವೆ ಓಟಗಾರ್ತಿ ಗ್ರೇಟೆ ವೈಟ್ಜ್ ಪ್ರತಿಮೆ, ಓಡ್ತಿರೋ ಭಂಗಿ, ತಲೆ ಮೇಲೆ ಒಂದು ಗೇಣು ಹಿಮ.

ಇಲ್ಲಿ ಆಫೀಸಲ್ಲಿ ನಾನು ಕಾಲೇಜಲ್ಲಿ ಕ್ರಾಸ್ ಕಂಟ್ರಿ ಮಾಡ್ತಿದ್ದೆ ಅಂದ್ರೆ ಎಲ್ರೂ ಸ್ಕೀ ಅನ್ಕೋತಾರೆ, ಹಾಸನದೋಳು ಎಲ್ಲಿ ಸ್ಕೀ ಮಾಡ್ಲಿ ಮಾರಾಯ್ರೆ! ನಂದು ಬಯಲು, ಗುಡ್ಡದ ಮೇಲಿನ ಓಟ, ಮೈಸೂರಲ್ಲಿ ಓದೋವಾಗ ಓಡ್ತಿದ್ದೆ ಅಷ್ಟೇ. ರೇಸ್ ಶುರುನಲ್ಲಿ ನಂಗೆ ಸ್ಪೀಡೇ ಬರ್ತಿರ್ಲಿಲ್ಲ, ಮೈ ಬಿಸಿಯಾಗಿ ಒಬ್ಬೊಬ್ರನ್ನೇ ಹಿಂದಾಕೋ ಹೊತ್ತಿಗೆ ರೇಸೇ ಮುಗಿದೋಗ್ತಿತ್ತು. ಹುಡುಗರಿಗೆ ಮಾತ್ರ ನಮ್ಮ ಡಬಲ್ ದೂರ. ಪಿಟಿ ಸರ್‌ನ ಕೇಳಿದ್ರೆ "ಹೆಣ್ಮಕ್ಳಿಗೆ ಅಷ್ಟು ಸಾಕು ಬಿಡಮ್ಮ" ಅಂದ್ರು.

ಗ್ರೇಟೆ ಕಥೆ ಓದ್ದಾಗ ಆ ಮಾತೇ ನೆನಪಾಗಿದ್ದು. 1972 ಮ್ಯೂನಿಕ್, 1976 ಮಾಂಟ್ರಿಯಲ್, ಎರಡು ಒಲಿಂಪಿಕ್ಸಲ್ಲೂ ಹೆಂಗಸ್ರಿಗೆ ಇದ್ದ ಅತಿ ಉದ್ದದ ಓಟ 1500 ಮೀಟರ್! ಅದನ್ನೇ ಓಡಿದ್ಲು, ಪದಕ ಬರ್ಲಿಲ್ಲ. 1978ರಲ್ಲಿ ಗ್ಲಾಸ್ಗೋ ವಿಶ್ವ ಕ್ರಾಸ್ ಕಂಟ್ರಿ, ಗಂಡಸ್ರಿಗೆ 12 ಕಿ.ಮೀ., ಇವ್ರಿಗೆ 5 ಕೂಡ ಇಲ್ಲ, ಆ ಚೂರು ದೂರದಲ್ಲೇ ಎರಡನೇಯವಳಿಗಿಂತ ಅರ್ಧ ನಿಮಿಷ ಮುಂದೆ ಬಂದು ಗೆದ್ಲು. ಆಮೇಲೆ 1979, 80, 81, 83, ಒಟ್ಟು ಐದು ಸಲ. ಓಸ್ಲೋದಲ್ಲಿ ಸ್ಕೂಲ್ ಟೀಚರ್ ಬೇರೆ, ಬೆಳಗಿನ ಜಾವ ಈ ಚಳೀಲಿ ಓಡಿ ಮುಗಿಸಿ ಪಾಠ ಮಾಡಕ್ಕೆ ಹೋಗ್ತಿದ್ಲಂತೆ. ನಾನು ಹೀಟರ್ ಪಕ್ಕ ಕೂತು ಸಾಕ್ಸ್ ಹಾಕ್ಕೊಳಕ್ಕೇ ಅರ್ಧ ಗಂಟೆ.

ಅದೇ 1978ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್. ಹಿಂದಿನ ರಾತ್ರಿ ಗಂಡ ಹೆಂಡ್ತಿ ಸೀಗಡಿ, ಮಾಂಸ ಅಂತ ಭರ್ಜರಿ ಊಟ ಹೊಡ್ದಿದ್ರು, ಅವಳು ಅಲ್ಲೀವರ್ಗೂ ಮ್ಯಾರಥಾನಿನ ಅರ್ಧಕ್ಕಿಂತ ಜಾಸ್ತಿ ಓಡೇ ಇರ್ಲಿಲ್ಲ. ಕೊನೆಕೊನೆಗೆ ತೊಡೆ ಹಿಡ್ಕೊಂಡು, ಕಳಿಸಿದ ಗಂಡನ್ನ ಬೈಕೊಂಡು ಓಡಿ, 2:32:30ಕ್ಕೆ ಮುಗಿಸಿದ್ಲು, ವಿಶ್ವ ದಾಖಲೆ! ಶೂ ಬಿಚ್ಚಿ ಗಂಡ ಜ್ಯಾಕ್ ಮೇಲೆ ಎಸೆದ್ಲು, ಇನ್ನೊಂದ್ ಸಲ ಈ ಕೆಲ್ಸ ಮಾಡಲ್ಲ ಅಂತ. ಮಾಡಲ್ಲ ಅಂದೋಳು ಅದೇ ರೇಸನ್ನ ಒಂಬತ್ತು ಸಲ ಗೆದ್ಲು. ಒಲಿಂಪಿಕ್ಸಿಗೆ ಹೆಂಗಸ್ರ ಮ್ಯಾರಥಾನ್ ಬಂದಿದ್ದು 1984ಕ್ಕೆ, ಅಷ್ಟೊತ್ತಿಗೆ ಇವಳಿಗೆ 30, ಸಿಕ್ಕಿದ್ದು ಬೆಳ್ಳಿ. ನಂಗಂತೂ ಆ ಬೆಳ್ಳಿ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಎಂಟು ವರ್ಷ ಮುಂಚೆ ಇಟ್ಟಿದ್ರೆ ಏನಾಗ್ತಿತ್ತು ಈ ಒಲಿಂಪಿಕ್ಸ್ ನಡೆಸೋರಿಗೆ. ವಿಶ್ವ ಕ್ರಾಸ್ ಕಂಟ್ರೀಲಿ ಹೆಂಗಸ್ರಿಗೂ ಗಂಡಸ್ರಷ್ಟೇ 10 ಕಿ.ಮೀ. ಆಗಿದ್ದು 2017ರಲ್ಲಿ, ಗ್ರೇಟೆ ಕ್ಯಾನ್ಸರಲ್ಲಿ ತೀರ್ಕೊಂಡು ಹೆಚ್ಚುಕಮ್ಮಿ ಆರು ವರ್ಷ ಆಗಿತ್ತು.

ಅವತ್ತು ಒಳಗಡೆ ಸುತ್ತು ಹೊಡೀತಾ ಇದ್ರೆ ಎಪ್ಪತ್ತರ ಹತ್ರ ಇರೋ ಅಜ್ಜಿ ಒಬ್ರು ಮೂರು ಸಲ ನನ್ನ ಹಿಂದಾಕಿದ್ರು, ಮೂರನೇ ಸಲ ತಿರುಗಿ ನಕ್ರು ಬೇರೆ. ಮೈ ಬಿಸಿಯಾಗ್ಲಿ ತಾಳಿ ಅಜ್ಜಿ ಅಂತ ಕನ್ನಡದಲ್ಲೇ ಗೊಣಗ್ಕೊಂಡೆ. ಒಂಬತ್ತನೇ ಕಿಲೋಮೀಟರಲ್ಲಿ ಅವ್ರ ಪಕ್ಕಕ್ಕೆ ಬಂದೆ, ಅಷ್ಟರಲ್ಲಿ ಅವ್ರು ನಿಲ್ಲಿಸಿ ನೀರು ಕುಡಿಯಕ್ಕೆ ಹೋದ್ರು.

ಮನೆಗ್ ಬಂದು ಬಾಗಿಲಲ್ಲಿ ಕೂತು ಶೂ ಲೇಸ್ ಬಿಚ್ಚಕ್ಕೆ ಶುರು ಮಾಡಿದ್ದೇ ತಡ, ಗ್ರೇಟೆ ಕಥೆ ಹಿಂದಿನ ದಿನಾನೇ ಕೇಳಿದ್ದ ನಮ್ಮೆಜಮಾನ್ರು ದೋಸೆ ಪ್ಲೇಟ್ ಎತ್ಕೊಂಡು ಅಡುಗೆಮನೆ ಒಳಗೆ ಸರಿದ್ರು.