ಅತ್ತೆ ಮನೆಯ ಅಬ್ಬಲಿಗೆ

ದೀಪಾವಳಿ ಮುಗಿದು ಮಳೆ ಪೂರ್ತಿ ಬಿಟ್ಟ ಮೇಲೆ ಅಬ್ಬಲಿಗೆ, ಅಂದರೆ ಕನಕಾಂಬರದ ಸಸಿ ತರೋಣ ಎಂದು ಅಂಕೋಲೆಗೆ, ಸೋದರತ್ತೆಯ ಮನೆಗೆ ಹೋಗಿದ್ದೆ. "ಸಸಿ ಯಾಕೆ ತಂಗಿ, ಬೀಜನೇ ತಗಂಡು ಹೋಗು" ಎಂದರು ಅತ್ತೆ.

ಅವರ ಬಾವಿಯ ಪಕ್ಕ, ತೆಂಗಿನ ನೆರಳು ಬಿಸಿಲು ಎರಡೂ ಬೀಳುವ ಜಾಗದಲ್ಲಿ, ಸೊಂಟದೆತ್ತರದ ಗಿಡಗಳಿವೆ. ಮಳೆಗಾಲದಲ್ಲೂ ಎಲೆ ಕಡುಹಸಿರಾಗಿ ಹೊಳೆಯುತ್ತಿರುತ್ತದೆ. ತುದಿಗೆ ಹಸಿರು ತೆನೆ. ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಹೂ ಅರಳುತ್ತಾ ಹೋಗುತ್ತವೆ. ಹೂ ಮುಗಿದ ತೆನೆಗಳು ಒಣಗಿ ಕಂದಾಗಿದ್ದವು. ಅತ್ತೆ ಅವನ್ನೇ ಕತ್ತರಿಸಿ ಅಗಲ ತಟ್ಟೆಯಲ್ಲಿ ಹರವಿದರು. ನೀರು ಚಿಮುಕಿಸಿ ಮೇಲೊಂದು ತೆಳು ಪಂಚೆ ಮುಚ್ಚಿದರು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಪ್ ಎಂದಿತು. ಮತ್ತೊಂದು ಟಪ್. ನೋಡನೋಡುತ್ತಿದ್ದಂತೆ ಪಂಚೆಗೆ ಒಳಗಿನಿಂದ ಏನೋ ಬಂದು ಬಡಿಯತೊಡಗಿತು. ಒಣಗಿದ ಕಾಯಿ ನೀರು ತಾಗಿದ ಕೂಡಲೇ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಒಂದು ಕಾಯಲ್ಲಿ ಹೆಚ್ಚೆಂದರೆ 4 ಬೀಜ. ಪಂಚೆ ತೆಗೆದು ಒಂದನ್ನು ಅಂಗೈಗೆ ಹಾಕಿಕೊಂಡೆ. ಚಪ್ಪಟೆ, ಕಂದು, ಮೈಮೇಲೆ ಸಣ್ಣ ಸಣ್ಣ ಹುರುಪೆ. ಒದ್ದೆಯಾದ ಮೇಲೆ ಅಂಟಂಟಾಗಿ ಬೆರಳು ಬಿಡಲೊಲ್ಲದು. ಮೊದಲ ಮಳೆ ಬೀಳುವವರೆಗೆ ಬೀಜವನ್ನು ಒಳಗೇ ಕಾದಿಟ್ಟು, ಮಣ್ಣು ಹಸಿಯಾದಾಗಲೇ ಚೆಲ್ಲುವ ಗಿಡ ಇದು. ಎಂಥಾ ಲೆಕ್ಕಾಚಾರ, ಅಲ್ವಾ!

ಮೂಲೆಯಲ್ಲಿ ಒಂದು ಗಿಡ ಬಾಡಿತ್ತು. ಅತ್ತೆ ಅದನ್ನು ಬುಡಸಮೇತ ಕಿತ್ತು ತೋರಿಸಿದರು. ಬೇರಿನ ತುಂಬ ಗಂಟು ಗಂಟು. ಕಣ್ಣಿಗೆ ಕಾಣದ ಜಂತುಹುಳ ಬೇರಿನೊಳಗೆ ಸೇರಿದರೆ ಹೀಗಾಗುತ್ತದೆ. ಮೊದಲು ಎಲೆ ಹಳದಿಯಾಗುತ್ತದೆ, ಆಮೇಲೆ ಗಿಡ ಸೊರಗುತ್ತದೆ. ಜನ ನೀರು ಸಾಲದಾಯಿತೆಂದು ಇನ್ನಷ್ಟು ಸುರಿಯುತ್ತಾರೆ. ಬದನೆ, ಟೊಮೆಟೊ ಬೆಳೆದ ಜಾಗದಲ್ಲಿ ಈ ಹುಳ ಜಾಸ್ತಿ. ಅದಕ್ಕೇ ಅತ್ತೆ ಅಂಥ ಕಡೆ ಅಬ್ಬಲಿಗೆ ನೆಡುವುದಿಲ್ಲ. ಪಾತಿಗೆ ಬೇವಿನ ಹಿಂಡಿ ಸೇರಿಸುತ್ತಾರೆ, ನಡುನಡುವೆ ಗೊಂಡೆ ಹೂವಿನ ಗಿಡ ಹಾಕುತ್ತಾರೆ.

ನಮ್ಮ ಕರಾವಳಿಯಲ್ಲಿ ಅಬ್ಬಲಿಗೆಗೆ ಬಿಸಿಲಿಗಿಂತ ದೊಡ್ಡ ಶತ್ರು ಬುಡದಲ್ಲಿ ನಿಲ್ಲುವ ನೀರು ಎಂದು ನನಗೆ ಆವತ್ತು ಗಟ್ಟಿಯಾಯಿತು. ಅತ್ತೆಯ ಪಾತಿಗಳೆಲ್ಲ ನೆಲದಿಂದ ಒಂದು ಗೇಣು ಎತ್ತರ. ಆಷಾಢದ ಮಳೆಯಲ್ಲೂ ನೀರು ಅತ್ತಿತ್ತ ಹರಿದುಹೋಗುತ್ತದೆ. ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು, ಅಷ್ಟೆ. ಬೀಜವನ್ನು ಮಣ್ಣಿನಲ್ಲಿ ಆಳಕ್ಕೆ ಹೂಳದೆ ಮೇಲೆ ತೆಳ್ಳಗೆ ಮುಚ್ಚಬೇಕು. ಮೊಳಕೆಗೆ ಎರಡು ಮೂರು ವಾರ ಬೇಕು, ಅವಸರ ಮಾಡಿ ಕೆದಕಬಾರದು. ಸಸಿ ನಾಲ್ಕೈದು ಎಲೆ ಬಿಟ್ಟ ಮೇಲೆ ಗಿಡದಿಂದ ಗಿಡಕ್ಕೆ ಒಂದಡಿ, ಸಾಲಿನಿಂದ ಸಾಲಿಗೆ ಎರಡಡಿ ಬಿಟ್ಟು ನೆಟ್ಟರೆ ಗಾಳಿಯಾಡುತ್ತದೆ.

ಅತ್ತೆಯ ಹಿತ್ತಿಲಲ್ಲಿ ಡೆಲ್ಲಿ ಅಬ್ಬಲಿಗೆಯೂ ಇದೆ. ದಟ್ಟ ಬಣ್ಣ, ದೊಡ್ಡ ಹೂ, ಪೇಟೆಯಲ್ಲಿ ಒಳ್ಳೆಯ ರೇಟು. ಆದರೆ ಅದು ಬೀಜ ಕಟ್ಟುವುದಿಲ್ಲ, ಗೆಲ್ಲಿನಿಂದಲೇ ಬೆಳೆಸಬೇಕು. ನನಗಂತೂ ಬೀಜದಿಂದ ಬರುವ ಕಿತ್ತಳೆ ಬಣ್ಣದ ನಾಟಿಯೇ ಇಷ್ಟ. ಪರಿಮಳ ಇಲ್ಲ ನಿಜ. ಆದರೆ ಬೆಳಿಗ್ಗೆ ಮುಡಿದ ದಂಡೆ ಮರುದಿನಕ್ಕೂ ಮುದುಡದು. ಮಲ್ಲಿಗೆಗೆ ಆ ತಾಳಿಕೆ ಎಲ್ಲಿದೆ?

ಹೊರಡುವಾಗ ಅತ್ತೆ ಬೀಜವನ್ನು ಪೇಪರಿನಲ್ಲಿ ಕಟ್ಟಿಕೊಟ್ಟರು. "ಒಣಗಿದ ತೆನೆ ಗಿಡದಲ್ಲೇ ಬಿಡಬೇಡ, ಕತ್ತರಿಸ್ತಾ ಇರು. ಹೊಸ ಚಿಗುರು ಬಂದು ಇನ್ನೂ ಹೂ ಬಿಡ್ತದೆ" ಎಂದರು. ಬೀಜಕ್ಕೆಂದು ಮಾತ್ರ ಎರಡು ಗಿಡದ ತೆನೆ ಉಳಿಸಿಕೊಳ್ಳಬೇಕಂತೆ.