ಇಪ್ಪತ್ತೇಳಕ್ಕೆ ನಿಲ್ಲುವ ಮುಳ್ಳು

ತುಮಕೂರು, 12 ಏಪ್ರಿಲ್ 2025, ಶನಿವಾರ

ಕ್ಯಾತ್ಸಂದ್ರದ ಕಡೆ ಒಂದು ಮನೆ. ಮೊದಲ ಮಹಡಿಯ ಮಲಗುವ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಏಸಿ, ಗ್ಯಾಸ್ ಆರ್32. ಔಟ್‌ಡೋರ್ ತಾರಸಿ ಮೇಲೆ. ಪೈಪಿನ ಓಟ 8 ಮೀಟರ್. ಲಿಕ್ವಿಡ್ ಕಡೆಗೆ (ಒಳಗಿನ ಯೂನಿಟ್ಟಿಗೆ ಹೋಗುವ ಸಣ್ಣ ಪೈಪು) ಕಾಲು ಇಂಚು, ಸಕ್ಷನ್ ಕಡೆಗೆ (ಗ್ಯಾಸ್ ಮರಳುವ ದೊಡ್ಡ ಪೈಪು) ಅರ್ಧ ಇಂಚು. ಬೆಳಿಗ್ಗೆ 9ಕ್ಕೆ ಶುರುವಾದದ್ದು ಸಂಜೆ 5ಕ್ಕೆ ಮುಗಿಯಿತು. ಇದೇ ಕೆಲಸವನ್ನು ಎರಡೇ ಗಂಟೆಯಲ್ಲಿ ಮುಗಿಸಿ ದುಡ್ಡು ಎಣಿಸಿಕೊಂಡು ಹೋಗುವವರೂ ಇದ್ದಾರೆ. ಮಿಕ್ಕ ಆರು ಗಂಟೆ ಎಲ್ಲಿ ಹೋಯಿತು ಎಂಬುದರ ಲೆಕ್ಕ ಇದು.

ಬಾಕ್ಸಿನ ಜೊತೆ ಬಂದದ್ದು 3 ಮೀಟರ್ ಪೈಪು. ಅದಕ್ಕೆ ಇನ್ನೊಂದು ತುಂಡು ಬೆಸೆದು ಉದ್ದ ಮಾಡುವ ಬದಲು 8 ಮೀಟರನ್ನೂ ಒಂದೇ ತುಂಡಾಗಿ ತಂದಿತ್ತು. ನಡುವೆ ಜಾಯಿಂಟ್ ಇಲ್ಲದಿದ್ದರೆ ಸೋರಬಹುದಾದ ಜಾಗ ನಾಲ್ಕೇ: ಇನ್‌ಡೋರ್‌ನ ಎರಡು ಫ್ಲೇರ್ (ಪೈಪಿನ ಬಾಯಿ ಅರಳಿಸಿ ನಟ್ಟಿನಿಂದ ಬಿಗಿಯುವ ಜೋಡಣೆ), ಔಟ್‌ಡೋರ್‌ನ ಎರಡು ಫ್ಲೇರ್. ಬೆಸೆಯಲೇಬೇಕಾದ ಕಡೆ ಪೈಪಿನ ಒಳಗೆ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಬೇಕು, 3 ಪಿಎಸ್‌ಐ (ಒತ್ತಡದ ಅಳತೆ) ಸಾಕು. ಹಾಗೆ ಮಾಡದಿದ್ದರೆ ಕಾದ ತಾಮ್ರದ ಒಳಮೈಗೆ ಕಪ್ಪು ಸಿಪ್ಪೆ ಕಟ್ಟುತ್ತದೆ. ಆಮೇಲೆ ಅದು ಎದ್ದು ಗ್ಯಾಸಿನ ಜೊತೆ ಹೋಗಿ ಎಕ್ಸ್‌ಪ್ಯಾನ್ಷನ್ ವಾಲ್ವಿನ (ಗ್ಯಾಸಿನ ಒತ್ತಡ ಇಳಿಸಿ ತಣ್ಣಗಾಗಿಸುವ ಕಿರುದಾರಿ) ಜರಡಿಯಲ್ಲಿ ಕೂರುತ್ತದೆ.

ಅಂಗಡಿಯಲ್ಲಿ ಸುಮ್ಮನೆ 'ಒಂದೂವರೆ ಟನ್ ಪೈಪು' ಅಂತ ಕೇಳಬಾರದು, ದಪ್ಪ ಎಷ್ಟು ಅಂತ ಕೇಳಬೇಕು. ಆರ್32ರ ಒತ್ತಡ ಹಳೆಯ ಆರ್22ಕ್ಕಿಂತ ಬಹಳ ಹೆಚ್ಚು. ಕಾಲು ಇಂಚಿಗೂ ಅರ್ಧ ಇಂಚಿಗೂ ಗೋಡೆಯ ದಪ್ಪ 0.8 ಮಿ.ಮೀ. ಇರಬೇಕು, ಎರಡು ಟನ್ನಿಗೆ ಬರುವ 5/8 ಇಂಚಾದರೆ 1 ಮಿ.ಮೀ. ಅರ್ಧ ಮಿಲಿಮೀಟರಿನ ತೆಳು ಪೈಪೂ ಮಾರಾಟಕ್ಕಿದೆ. ಅದು ಅಗ್ಗ, ಬಗ್ಗಿಸುವುದೂ ಸುಲಭ, ಬಾಯಿ ಅರಳಿಸುವಾಗ ಸೀಳುವುದೂ ಅಷ್ಟೇ ಸುಲಭ. ದಪ್ಪ ಅಳೆಯುವ ಕ್ಯಾಲಿಪರ್ ಜೇಬಿನಲ್ಲಿರಲಿ. ಸುರುಳಿಯ ಎರಡೂ ತುದಿಗೆ ಮುಚ್ಚಳ ಇದೆಯೇ ನೋಡಬೇಕು. ತಿಂಗಳುಗಟ್ಟಲೆ ಬಾಯಿ ತೆರೆದು ಬಿದ್ದ ಸುರುಳಿಯಲ್ಲಿ ಧೂಳೂ ಇರುತ್ತದೆ, ತೇವವೂ ಇರುತ್ತದೆ.

ಗೋಡೆಯ ತೂತು 65 ಮಿ.ಮೀ., ಹೊರಗಡೆಗೆ 5 ಮಿ.ಮೀ. ಇಳಿಜಾರು. ಈ ಮನೆಯದು ಸಿಮೆಂಟ್ ಬ್ಲಾಕ್ ಗೋಡೆ, ಇಪ್ಪತ್ತು ನಿಮಿಷದ ಕೆಲಸ. ಹಳೆಯ ಸೈಜುಗಲ್ಲಿನ ಮನೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಡೈಮಂಡ್ ಕೋರ್ ಕಟ್ಟರ್, ನೀರು, ತಾಳ್ಮೆ ಮೂರೂ ಬೇಕು. ಎಷ್ಟೋ ಸಲ ವೆಂಟಿಲೇಟರ್ ಪಕ್ಕದ ಇಟ್ಟಿಗೆ ಕಟ್ಟಡದಲ್ಲಿ ದಾರಿ ಹುಡುಕುವುದೇ ಜಾಣತನ.

ಇನ್ನು ಫ್ಲೇರ್. ಹೊಸ ಏಸಿ ಮುಂದಿನ ವರ್ಷಕ್ಕೇ 'ಗ್ಯಾಸ್ ಖಾಲಿ' ಆಗುವುದು ಹೆಚ್ಚಾಗಿ ಇಲ್ಲಿಂದಲೇ. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಪೈಪನ್ನು ಕಟ್ಟರ್‌ನಲ್ಲೇ ಕತ್ತರಿಸಬೇಕು, ಹ್ಯಾಕ್ಸಾ ಬೇಡ. ಕಟ್ಟರ್ ಚಕ್ರ ಒಳಅಂಚಿನಲ್ಲಿ ಒಂದು ತುಟಿ ಎಬ್ಬಿಸಿರುತ್ತದೆ. ಪೈಪಿನ ಬಾಯಿ ನೆಲಕ್ಕೆ ಮುಖ ಮಾಡಿರುವಂತೆ ಹಿಡಿದು ರೀಮರ್‌ನಿಂದ ಅದನ್ನು ತೆಗೆಯಬೇಕು, ಪುಡಿ ಕೆಳಕ್ಕೆ ಉದುರಲಿ ಅಂತ. ಒಳಗೆ ಬಿದ್ದ ಒಂದೇ ಒಂದು ತಾಮ್ರದ ಚೂರು ವಾಲ್ವಿನವರೆಗೂ ಪ್ರಯಾಣ ಮಾಡುತ್ತದೆ. ಆಮೇಲೆ ಫ್ಲೇರ್ ನಟ್ ಹಾಕಿ. (ಮರೆತು ಬಾಯಿ ಅರಳಿಸಿದವರು ಮತ್ತೆ ಕತ್ತರಿಸುತ್ತಾರೆ. ಇದು ತಪ್ಪದ ಶಾಸ್ತ್ರ.) ಬಾಯಿ ಅರಳಿಸುವ, ಕ್ಲಚ್ ಇರುವ ಹೊಸ ಟೂಲಿನಲ್ಲಿ ಪೈಪು ಅದನ್ನು ಹಿಡಿದಿಡುವ ಹಲಗೆಯಿಂದ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಮೇಲೆ ಬರಬಾರದು. ಆರ್22 ಕಾಲದ ಹಳೆಯ ಟೂಲಾದರೆ 1ರಿಂದ 1.5 ಮಿ.ಮೀ. ಬಿಡಬೇಕು. ಅರಳಿದ ಬಾಯಿಯ ಹೊರ ಅಗಲ ಕಾಲು ಇಂಚಿಗೆ 8.7ರಿಂದ 9.1 ಮಿ.ಮೀ., ಅರ್ಧ ಇಂಚಿಗೆ 16.2ರಿಂದ 16.6 ಮಿ.ಮೀ. ಕಡಿಮೆಯಾದರೆ ಬಿಗಿಯುವಾಗ ಪೈಪು ನಟ್ಟಿನಿಂದ ಜಾರುತ್ತದೆ, ಹೆಚ್ಚಾದರೆ ನಟ್ ಮೇಲೇರುವುದೇ ಇಲ್ಲ. ಬೆಳಕಿಗೆ ಹಿಡಿದು ನೋಡಿದರೆ ಒಳಮೈ ಕನ್ನಡಿಯ ಹಾಗೆ ಹೊಳೆಯಬೇಕು. ಉದ್ದಕ್ಕೆ ಒಂದು ಗೀರು ಕಂಡರೂ ಕತ್ತರಿಸಿ ಎಸೆಯಿರಿ. ಇವತ್ತು ನಾಲ್ಕರಲ್ಲಿ ಒಂದು ಹಾಗೆ ಹೋಯಿತು, ಅರ್ಧ ಇಂಚಿನದು; ಟೂಲಿನ ಕೋನ್ ಮೇಲೆ ಮರಳಿನ ಕಣ ಕೂತಿತ್ತು.

ಬಾಯಿಗೆ ಒಂದು ಹನಿ ಕಂಪ್ರೆಸರ್ ಎಣ್ಣೆ ಸವರಿ, ನಟ್ಟನ್ನು ಮೊದಲ ಮೂರು ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಿಸಬೇಕು. ಬೆರಳಿಗೆ ತಿರುಗದಿದ್ದರೆ ಪೈಪು ನೇರ ಕೂತಿಲ್ಲ. ಬಿಗಿ ಎಷ್ಟಿರಬೇಕು? ಕಾಲು ಇಂಚಿಗೆ 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 49ರಿಂದ 61. ಕೈಗೆ ಅರ್ಥವಾಗುವಂತೆ ಹೇಳುವುದಾದರೆ, 20 ಸೆ.ಮೀ. ಉದ್ದದ ಸ್ಪ್ಯಾನರ್ ತುದಿಯಲ್ಲಿ ಚಿಕ್ಕದಕ್ಕೆ 8 ಕೆ.ಜಿ. ಭಾರ ಸಾಕು, ದೊಡ್ಡದಕ್ಕೆ 28 ಕೆ.ಜಿ. ಬೇಕು. ಎರಡಕ್ಕೂ ಒಂದೇ ಕೈಬಲ ಹಾಕಿದರೆ ಒಂದೋ ಚಿಕ್ಕದರ ಕುತ್ತಿಗೆ ತೆಳ್ಳಗಾಗುತ್ತದೆ, ಇಲ್ಲ ದೊಡ್ಡದು ಸಡಿಲ ಉಳಿಯುತ್ತದೆ. ತೆಳ್ಳಗಾದ ಕುತ್ತಿಗೆ ಅವತ್ತೇ ಸೋರುವುದಿಲ್ಲ, ಅದೇ ಕಷ್ಟ. ನಡುಕಕ್ಕೆ ತಿಂಗಳುಗಟ್ಟಲೆ ಸಿಕ್ಕಿ ಆಮೇಲೆ ಬಿರಿಯುತ್ತದೆ. ಬಿಗಿಯನ್ನು ಅಳೆಯುವ ಟಾರ್ಕ್ ವ್ರೆಂಚ್ ತೆಗೆದುಕೊಳ್ಳಿ. ಬಿಗಿಯುವಾಗ ಇನ್ನೊಂದು ಸ್ಪ್ಯಾನರ್‌ನಿಂದ ಎದುರು ಹಿಡಿಯುವುದು ಬಿಡಬಾರದು. ಬಿಟ್ಟರೆ ಇನ್‌ಡೋರ್‌ನ ಪೈಪೇ ತಿರುಚಿಕೊಳ್ಳುತ್ತದೆ.

ಇನ್‌ಡೋರ್‌ನ ಮುಚ್ಚಳ ತೆಗೆದಾಗ 'ಸುಸ್' ಅಂದಿತು. ಕಾರ್ಖಾನೆಯಲ್ಲಿ ಕಾಯಿಲ್ ಒಳಗೆ ಒತ್ತಡದಲ್ಲಿ ನೈಟ್ರೋಜನ್ ತುಂಬಿಟ್ಟಿರುವ ಯೂನಿಟ್ಟುಗಳಲ್ಲಿ ಈ ಸದ್ದು ಬರಬೇಕು. ಬರದಿದ್ದರೆ ಗೋಡೆಗೆ ನೇತು ಹಾಕುವ ಮೊದಲೇ ಕಾಯಿಲನ್ನು ಅನುಮಾನಿಸಬೇಕು.

ಬಗ್ಗಿಸುವುದಕ್ಕೆ ಅರ್ಧ ಇಂಚಿಗೆ ಬೆಂಡರ್, ಕಾಲು ಇಂಚಿಗೆ ಸ್ಪ್ರಿಂಗ್. ಒಂದೇ ಜಾಗವನ್ನು ಬಗ್ಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿದರೆ ತಾಮ್ರ ಗಡುಸಾಗುತ್ತದೆ. ಮೂರು ಸಲ ದಾಟಿದರೆ ಆ ತುಂಡು ಬೇಡ. ಔಟ್‌ಡೋರ್ ಮೇಲಿದ್ದು ಪೈಪು ಕೆಳಗಿಳಿದು ಬರುವಾಗ ಗೋಡೆಯ ತೂತಿಗೆ ನೇರ ನುಗ್ಗಿಸಬಾರದು. ತೂತಿಗಿಂತ ಒಂದು ಗೇಣು ಕೆಳಗೆ ಇಳಿಸಿ, ಬಳಸಿ, ಮೇಲೆ ಹತ್ತಿಸಿ ಒಳಗೆ ಒಯ್ಯಬೇಕು. ಆಗ ಮಳೆನೀರು ಆ ಬಳಸಿನಲ್ಲೇ ತೊಟ್ಟಿಕ್ಕುತ್ತದೆ. ಹೀಗೆ ಮಾಡದೆ, ಮಾವಿನ ಮಳೆ ಬಿದ್ದ ಮರುದಿನ 'ಏಸಿ ನೀರು ಸೋರ್ತಿದೆ' ಅಂತ ಫೋನ್ ಬಂದರೆ, ಅದು ಏಸಿಯ ನೀರಲ್ಲ, ಆಕಾಶದ್ದು.

ಇನ್ಸುಲೇಷನ್ ಎರಡೂ ಪೈಪಿಗೆ ಬೇರೆಬೇರೆ. ಲಿಕ್ವಿಡ್ ಪೈಪು ಬಿಸಿ ಇರುತ್ತದೆ, ಅದಕ್ಕೇಕೆ ಎಂದು ಕೇಳುವವರಿದ್ದಾರೆ. ಫ್ರಿಜ್ಜಿನ ಪಾಠ ಇಲ್ಲಿ ಹೊಂದುವುದಿಲ್ಲ. ಮನೆಯ ಸ್ಪ್ಲಿಟ್ ಏಸಿಯಲ್ಲಿ ಕ್ಯಾಪಿಲರಿಯೋ (ವಾಲ್ವಿನ ಕೆಲಸವನ್ನೇ ಮಾಡುವ ಸಣ್ಣ ಕೊಳವೆ) ಎಕ್ಸ್‌ಪ್ಯಾನ್ಷನ್ ವಾಲ್ವೋ ಔಟ್‌ಡೋರ್ ಒಳಗೇ ಇರುತ್ತದೆ. ಹಾಗಾಗಿ ಅಲ್ಲಿಂದ ಹೊರಡುವ ಸಣ್ಣ ಪೈಪೂ ತಣ್ಣಗಿರುತ್ತದೆ, ಬೆವರುತ್ತದೆ. ಕಪ್ಪು ನೈಟ್ರೈಲ್ ರಬ್ಬರ್, ಕನಿಷ್ಠ 9 ಮಿ.ಮೀ.; ತಾರಸಿಯಲ್ಲಿ 13 ಹಾಕಿದ್ದು. ಬಿಳಿ ಫೋಮು ನಮ್ಮ ಬಿಸಿಲಿಗೆ ಪುಡಿಯಾಗುತ್ತದೆ, ಉಳಿದದ್ದನ್ನು ಅಳಿಲು ಗೂಡಿಗೆ ಒಯ್ಯುತ್ತದೆ. ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹೆಂಚು ಹೊದಿಸಿದ ಹಾಗೆ. ಫ್ಲೇರ್ ಇರುವ ಜಾಗವನ್ನು ಮಾತ್ರ ಪರೀಕ್ಷೆ ಮುಗಿಯುವವರೆಗೆ ತೆರೆದಿಡಬೇಕು.

11.15ಕ್ಕೆ ಸೋರಿಕೆ ಪರೀಕ್ಷೆಗೆ ನೈಟ್ರೋಜನ್. ಔಟ್‌ಡೋರ್‌ನ ಎರಡೂ ವಾಲ್ವ್ ಮುಚ್ಚಿಯೇ ಇರಬೇಕು, ಅದರೊಳಗೆ ಕಂಪನಿ ತುಂಬಿದ ಗ್ಯಾಸ್ ಇದೆ. ಮೊದಲು 50 ಪಿಎಸ್‌ಐ, ಆಮೇಲೆ 150, ಕೊನೆಗೆ 500. ರೆಗ್ಯುಲೇಟರ್ ಇಲ್ಲದೆ ಸಿಲಿಂಡರ್ ಮುಟ್ಟಬೇಡಿ. ನೈಟ್ರೋಜನ್ ಸಿಗಲಿಲ್ಲ ಎಂದು ವೆಲ್ಡಿಂಗ್ ಆಕ್ಸಿಜನ್ ತುಂಬುವುದು ಆತ್ಮಹತ್ಯೆಗೆ ಸಮ: ಎಣ್ಣೆ ಮತ್ತು ಒತ್ತಡದ ಆಕ್ಸಿಜನ್ ಸೇರಿದರೆ ಸಿಡಿಯುತ್ತದೆ. ನಾಲ್ಕೂ ಫ್ಲೇರಿಗೆ ಸೋಪಿನ ನೀರು ಹಚ್ಚಿ ಬ್ಯಾಟರಿ ಬೆಳಕಿನಲ್ಲಿ ನೋಡಿದ್ದು. ದೊಡ್ಡ ಗುಳ್ಳೆ ಯಾರಿಗೂ ಕಾಣುತ್ತದೆ. ಸಾಸಿವೆಗಿಂತ ಸಣ್ಣ ಬಿಳಿ ನೊರೆ ನಿಧಾನವಾಗಿ ಕಟ್ಟುವುದನ್ನು ಕಾಣಲು ಎರಡು ನಿಮಿಷ ಕಾಯಬೇಕು.

ಹನ್ನೆರಡೂವರೆಗೆ ಮುಳ್ಳು 505 ತೋರಿಸಿತು. ಸೋರಿದ್ದರೆ ಇಳಿಯಬೇಕಿತ್ತು, ಇದು ಏರಿದೆ! ತಾರಸಿಯ ಪೈಪಿಗೆ ಬಿಸಿಲು ಬಿದ್ದಿತ್ತು, ಅಷ್ಟೇ. 500ರ ಆಸುಪಾಸಿನಲ್ಲಿ ಒಂದು ಡಿಗ್ರಿಗೆ ಸುಮಾರು 1.7 ಪಿಎಸ್‌ಐ ವ್ಯತ್ಯಾಸ ಬರುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಗಿನ ಜಾವ 10 ಡಿಗ್ರಿ ತಣ್ಣಗಾದಾಗ ನೋಡಿದರೆ 17 ಪಿಎಸ್‌ಐ ಕಡಿಮೆ ಕಾಣುತ್ತದೆ, ಸೋರಿಕೆ ಇಲ್ಲದೆಯೇ. ಒತ್ತಡದ ಪಕ್ಕದಲ್ಲಿ ಹೊತ್ತನ್ನೂ ಉಷ್ಣಾಂಶವನ್ನೂ ಬರೆಯದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಊಟವಾದ ಮೇಲೆ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಎಳೆದು ತೆಗೆಯುವುದು. ಇಲ್ಲಿ ನಮ್ಮ ಊರಿನದೇ ಒಂದು ತಕರಾರು. 'ಮೂವತ್ತು ಬರ್ತಿಲ್ಲಣ್ಣ, ಪಂಪ್ ಹೋಗಿದೆ' ಎಂದು ಹೊಸ ಹುಡುಗರು ಗೇಜಿನ ಮುಳ್ಳು ನೋಡಿ ಹೇಳುತ್ತಾರೆ. ಪಂಪ್ ಹೋಗಿರುವುದಿಲ್ಲ. ಗೇಜಿನಲ್ಲಿ 30 ಇಂಚು ಎಂದು ಬರೆದಿರುವುದು ಸಮುದ್ರಮಟ್ಟದ ಲೆಕ್ಕ. ತುಮಕೂರು ಇರುವುದು ಸುಮಾರು 820 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿಯ ಒತ್ತಡವೇ ಪಾದರಸದ 27 ಇಂಚು. ಇರುವುದೇ ಅಷ್ಟಾದಾಗ ಅದಕ್ಕಿಂತ ಹೆಚ್ಚು ಎಳೆಯುವುದು ಹೇಗೆ? ಅದೇ ಪಂಪು ಮಂಗಳೂರಿನಲ್ಲಿ ಮೂವತ್ತರ ಹತ್ತಿರ ಹೋಗುತ್ತದೆ, ಇಲ್ಲಿ 27ಕ್ಕೆ ನಿಲ್ಲುತ್ತದೆ. ಚಿಕ್ಕಬಳ್ಳಾಪುರ ಇನ್ನೂ ಎತ್ತರ, ಅಲ್ಲಿ ಇನ್ನಷ್ಟು ಕಡಿಮೆ.

ಹಾಗಂತ 27 ಬಂತು, ಮುಗಿಯಿತು ಎನ್ನುವಂತಿಲ್ಲ. ಒಂದು ಇಂಚಿನ ಹತ್ತನೇ ಒಂದು ಪಾಲು ಅಂದರೆ 2540 ಮೈಕ್ರಾನ್ (ಪಾದರಸದ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಒಂದು ಮೈಕ್ರಾನ್). ನಮಗೆ ಬೇಕಾದದ್ದು ಒಳಗಿನ ಒತ್ತಡ 500 ಮೈಕ್ರಾನಿಗೆ ಇಳಿಯುವುದು. ಮುಳ್ಳಿನ ದಪ್ಪದೊಳಗೇ ಇಡೀ ಪರೀಕ್ಷೆ ಅಡಗಿಹೋಗುತ್ತದೆ! 26ಕ್ಕೇ ನಿಲ್ಲಿಸಿದರೆ ಇನ್ನೂ ಕೆಟ್ಟದ್ದು. ಆ ಹಂತದಲ್ಲಿ ಒಳಗಿನ ಒತ್ತಡ ಪಾದರಸದ ಸುಮಾರು 28 ಮಿ.ಮೀ., 28 ಡಿಗ್ರಿಯ ಕೋಣೆಯಲ್ಲಿ ನೀರು ಕುದಿಯಬೇಕೋ ಬೇಡವೋ ಎಂದು ಅನುಮಾನಿಸುವ ಅಂಚು ಅದು. ಉಳಿದ ತೇವವನ್ನು ಆರ್32ರ ಜೊತೆಗಿರುವ ಎಣ್ಣೆ ಹೀರಿಕೊಳ್ಳುತ್ತದೆ, ಆಮೇಲೆ ಆಮ್ಲವಾಗುತ್ತದೆ, ಕಂಪ್ರೆಸರ್ ಸುರುಳಿಯನ್ನು ತಿನ್ನುತ್ತದೆ. ಮೈಕ್ರಾನ್ ಗೇಜ್ ಬೇಕೇ ಬೇಕು. ಅದು ನಿಜವಾದ ಶೂನ್ಯದಿಂದ ಎಣಿಸುವುದರಿಂದ ಊರಿನ ಎತ್ತರ ಅದಕ್ಕೆ ಲೆಕ್ಕಕ್ಕಿಲ್ಲ.

35 ನಿಮಿಷಕ್ಕೆ 460 ಮೈಕ್ರಾನ್. ಪಂಪ್ ಕಡೆಯ ವಾಲ್ವ್ ಮುಚ್ಚಿ ಹತ್ತು ನಿಮಿಷ ಬಿಟ್ಟರೆ 690ಕ್ಕೆ ಏರಿ ನಿಂತಿತು. ಏರಿ ನಿಂತರೆ ಒಳಗಿನ ಅಲ್ಪಸ್ವಲ್ಪ ತೇವ, ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. 690 ಒಪ್ಪಬಹುದಾದದ್ದೇ; ಆದರೂ ಇನ್ನೊಂದು ಕಾಲು ಗಂಟೆ ಎಳೆದದ್ದು. ನಡುವೆ ಕರೆಂಟ್ ಹೋಯಿತು. ಪಂಪಿನಲ್ಲಿ ತಡೆವಾಲ್ವ್ ಇಲ್ಲದಿದ್ದರೆ ಅದರ ಎಣ್ಣೆಯೆಲ್ಲ ಪೈಪಿನೊಳಕ್ಕೆ ಎಳೆದುಕೊಂಡುಬಿಡುತ್ತದೆ. ಬೇಸಿಗೆಯಲ್ಲಿ ಪಂಪ್ ಬಿಟ್ಟು ಟೀ ಕುಡಿಯಲು ಹೋಗುವವರು ಇದನ್ನು ನೆನಪಿಡಲಿ.

ಪಂಪೇ ಬೇಡ, ಔಟ್‌ಡೋರ್‌ನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಹೊರದಬ್ಬುತ್ತೇವೆ ಎನ್ನುವ ಪದ್ಧತಿ ಇನ್ನೂ ಸತ್ತಿಲ್ಲ. ಅದರಿಂದ ತೇವ ಹೋಗುವುದಿಲ್ಲ, ಅಳತೆಯ ಗ್ಯಾಸ್ ಹೋಗುತ್ತದೆ. ಮೇಲಾಗಿ ಆರ್32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್, ಮುಚ್ಚಿದ ಕೋಣೆಯಲ್ಲಿ ಅದರ ಜೊತೆ ಆಟ ಬೇಡ.

ಈ ಯೂನಿಟ್ಟಿನ ಸ್ಟಿಕ್ಕರ್ ಪ್ರಕಾರ ತುಂಬಿರುವ ಗ್ಯಾಸ್ 5 ಮೀಟರ್ ಪೈಪಿಗೆ ಸಾಕು, ಮುಂದೆ ಮೀಟರಿಗೆ 20 ಗ್ರಾಂ. 3 ಮೀಟರ್ ಹೆಚ್ಚಿಗೆ, 60 ಗ್ರಾಂ. ತಕ್ಕಡಿಯಲ್ಲಿಟ್ಟ ಸಿಲಿಂಡರಿನಿಂದ ವ್ಯಾಕ್ಯೂಮ್ ಇರುವಾಗಲೇ ಬಿಟ್ಟದ್ದು. ನಂತರ ಅಲೆನ್ ಕೀಯಿಂದ ಮೊದಲು ಲಿಕ್ವಿಡ್ ವಾಲ್ವ್, ಆಮೇಲೆ ಸಕ್ಷನ್, ಎರಡೂ ಪೂರ್ತಿ ತೆರೆದು ಹಿತ್ತಾಳೆ ಮುಚ್ಚಳ ಬಿಗಿದದ್ದು. ಆ ಮುಚ್ಚಳವೂ ಒಂದು ಸೀಲು, ತಾರಸಿಯಲ್ಲಿ ಕಳೆದುಬಿಡಬೇಡಿ. ಓಡುತ್ತಿರುವಾಗ ಇನ್ನೊಮ್ಮೆ ಸೋಪಿನ ನೀರು, ಕೊನೆಗೆ ಫ್ಲೇರುಗಳ ಮೇಲೂ ರಬ್ಬರ್.

ಔಟ್‌ಡೋರ್‌ನ ಪಕ್ಕದ ಮುಚ್ಚಳದ ಒಳಗಡೆ ಮಾರ್ಕರ್‌ನಲ್ಲಿ ಬರೆದದ್ದು: 12-4-25, ಪೈಪು 8 ಮೀ., ಹೆಚ್ಚುವರಿ ಆರ್32 60 ಗ್ರಾಂ, ನೈಟ್ರೋಜನ್ 500, ವ್ಯಾಕ್ಯೂಮ್ 460.