ಕೊಲಂಬೊದಲ್ಲಿ ಭಾರತದ ಹೈಕಮಿಷನರ್: ನೆರವು ಕೊಟ್ಟ ಮೇಲಿನ ಕೆಲಸ

ಸಂತೋಷ್ ಝಾ ಅವರು 2023ರ ಡಿಸೆಂಬರ್‌ನಲ್ಲಿ ಶ್ರೀಲಂಕಾಕ್ಕೆ ಭಾರತದ ಹೈಕಮಿಷನರ್ (ರಾಯಭಾರಿ) ಆಗಿ ಅಧಿಕಾರ ವಹಿಸಿಕೊಂಡರು. ಅಂತರ್ಯುದ್ಧದ ಕೊನೆಯ ವರ್ಷಗಳಲ್ಲಿ ಅಲ್ಲಿಯೇ ಕೆಲಸ ಮಾಡಿದ್ದ ಅವರಿಗೆ ಆ ದೇಶ ಹೊಸದಲ್ಲ. ಆದರೆ ಈಗಿನ ಶ್ರೀಲಂಕಾ, 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿಯನ್ನೇ ನಿಲ್ಲಿಸಿ, ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಓಡಿಹೋಗಿದ್ದನ್ನು ಕಂಡು, ಇನ್ನೂ ಚೇತರಿಸಿಕೊಳ್ಳುತ್ತಿರುವ ದೇಶ.

ಆ ವರ್ಷ ಅಲ್ಲಿ ಮುದ್ರಿಸಲು ಕಾಗದವಿಲ್ಲದೆ ಶಾಲಾ ಪರೀಕ್ಷೆಗಳನ್ನು ಮುಂದೂಡಬೇಕಾಯಿತು. ಪೆಟ್ರೋಲ್ ಬಂಕ್‌ಗಳ ಮುಂದೆ ಜನ ದಿನಗಟ್ಟಲೆ ಸರದಿಯಲ್ಲಿ ನಿಂತರು. ಹಾಗೆ ನಿಂತಲ್ಲೇ ಕುಸಿದು ಪ್ರಾಣ ಬಿಟ್ಟವರೂ ಇದ್ದರು. ಅಂಥ ಹೊತ್ತಿನಲ್ಲಿ ಭಾರತ ಇಂಧನಕ್ಕೆ, ಆಹಾರ ಮತ್ತು ಔಷಧಿಗೆ ಸಾಲ ನೀಡಿ, ಕರೆನ್ಸಿ ವಿನಿಮಯದ ವ್ಯವಸ್ಥೆ ಮಾಡಿ, ಒಟ್ಟು ಸುಮಾರು 400 ಕೋಟಿ ಡಾಲರ್‌ಗಳಷ್ಟು ನೆರವಾಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಗೆ (ಐಎಂಎಫ್) ಸಾಲ ಪುನಾರಚನೆಯ, ಅಂದರೆ ತನಗೆ ಬರಬೇಕಾದ ಸಾಲದ ಷರತ್ತುಗಳನ್ನು ಸಡಿಲಿಸುವ, ಭರವಸೆಯನ್ನು ಮೊದಲು ಕೊಟ್ಟ ದೇಶವೂ ಭಾರತವೇ. ಇದರಿಂದ ಹುಟ್ಟಿದ ಸದ್ಭಾವ ನಿಜವಾದದ್ದು. ಆದರೆ ಕಷ್ಟದಲ್ಲಿ ಕೊಟ್ಟದ್ದನ್ನು ಪದೇ ಪದೇ ನೆನಪಿಸುವ ನೆರೆಯವರನ್ನು ಯಾರೂ ಬಹುಕಾಲ ಪ್ರೀತಿಸುವುದಿಲ್ಲ. ಝಾ ಅವರ ಅವಧಿಯಲ್ಲಿ ಆ ನೆರವನ್ನು ಋಣವೆಂದು ಲೆಕ್ಕ ಹಾಕದೆ, ಚೀನಾದ ಎದುರು ಪೈಪೋಟಿಯ ಮಾತಿಗೇ ಸೀಮಿತವಾಗದೆ, ಸಂಬಂಧವು ಜನರ ದಿನನಿತ್ಯದ ಬದುಕಿಗೆ ಇಳಿಯಲಿ ಎಂಬುದು ನನ್ನ ಆಸೆ.

ಅದಕ್ಕೆ ಉದಾಹರಣೆ ಅಲ್ಲಿಯೇ ಇದೆ. ಭಾರತದ ಅನುದಾನದಿಂದ 2016ರಲ್ಲಿ ಆರಂಭವಾದ ‘ಸುವ ಸೆರಿಯ’ ಆಂಬುಲೆನ್ಸ್ ಸೇವೆಗೆ 1990 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಾಕು, ಹಣ ಕೊಡಬೇಕಿಲ್ಲ. ಮಧ್ಯರಾತ್ರಿ ಎದೆನೋವೆಂದು ಕರೆ ಮಾಡುವ ಸಿಂಹಳೀಯ ರೈತನಿಗೆ ಅದರ ಹಿಂದಿನ ರಾಜತಾಂತ್ರಿಕತೆ ಬೇಕಾಗಿಲ್ಲ, ಗಾಡಿ ಬಂದರಾಯಿತು. ಚಹಾ ತೋಟಗಳ ಕಾರ್ಮಿಕರಿಗೆ ಭಾರತ ಕಟ್ಟಿಸಿಕೊಡುತ್ತಿರುವ ಮನೆಗಳದ್ದೂ ಇದೇ ಬಗೆಯ ಕೆಲಸ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಹೋದ ಆ ಕುಟುಂಬಗಳಲ್ಲಿ ಅನೇಕರು ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಪ್ರಕಾರ ಭಾರತಕ್ಕೆ ಮರಳಿದರು. ಅವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಸಿದ್ದಾರೆ. ಹಾಗಾಗಿ ಅಲ್ಲಿನ ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಸ್ಥಿತಿಗತಿಯನ್ನು ದಕ್ಷಿಣ ಕನ್ನಡದವರು ಪರದೇಶದ ಸುದ್ದಿಯೆಂದು ಓದಬೇಕಾಗಿಲ್ಲ.

ಸಂಪರ್ಕದ ಯೋಜನೆಗಳು ಹಲವು ಇವೆ. ಯುಪಿಐ ಪಾವತಿ 2024ರ ಫೆಬ್ರವರಿಯಲ್ಲಿ ಅಲ್ಲಿಗೆ ತಲುಪಿದೆ. ಆದರೆ 2023ರ ಅಕ್ಟೋಬರ್‌ನಲ್ಲಿ ಸಂಭ್ರಮದಿಂದ ಆರಂಭವಾದ ತಮಿಳುನಾಡಿನ ನಾಗಪಟ್ಟಣಂ ಮತ್ತು ಜಾಫ್ನಾ ಬಳಿಯ ಕಂಕೇಶನ್‌ತುರೈ ನಡುವಿನ ಹಡಗು ಸೇವೆ ಮಳೆಗಾಲದ ಕಾರಣಕ್ಕೆ ಕೆಲವೇ ದಿನಗಳಲ್ಲಿ ನಿಂತುಹೋಗಿ, ಮತ್ತೆ ಶುರುವಾದದ್ದು 2024ರ ಆಗಸ್ಟ್‌ನಲ್ಲಿ. ಉದ್ಘಾಟನೆ ಸುಲಭ, ತಿಂಗಳುಗಟ್ಟಲೆ ವೇಳಾಪಟ್ಟಿಯಂತೆ ಓಡಿಸುವುದಕ್ಕೆ ಎರಡೂ ಕಡೆಯ ಅಧಿಕಾರಿಗಳ ಪಟ್ಟು ಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ತಮಿಳುನಾಡು ಮತ್ತು ಶ್ರೀಲಂಕಾದ ನಡುವಿನ ಪಾಕ್ ಜಲಸಂಧಿಯ ಮೀನುಗಾರರ ವಿಚಾರ. ಸಮುದ್ರದ ಗಡಿ ದಾಟಿದರೆಂದು ಶ್ರೀಲಂಕಾದಲ್ಲಿ ನಮ್ಮ ಮೀನುಗಾರರ ಬಂಧನವಾದಾಗ ಇಲ್ಲಿ ಕೋಪ ಬರುವುದು ಸಹಜ. ಆದರೆ ತಮಿಳುನಾಡಿನ ಟ್ರಾಲರ್‌ಗಳು ಸಮುದ್ರದ ತಳವನ್ನೇ ಬಾಚಿಕೊಂಡು ಹೋಗುವುದರಿಂದ ನಷ್ಟ ಅನುಭವಿಸುವವರು ಜಾಫ್ನಾ ಮತ್ತು ಮನ್ನಾರ್‌ನ ತಮಿಳು ಮೀನುಗಾರರು. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು ಮತ್ತೆ ಬಲೆ ಹಿಡಿದವರು. ಟ್ರಾಲರ್ ಮಾಲೀಕರನ್ನು ಆಳಸಮುದ್ರದ ಮೀನುಗಾರಿಕೆಗೆ ಕಳಿಸುವ ಯೋಜನೆ 2017ರಿಂದಲೇ ಇದ್ದರೂ ವೇಗ ಸಾಲದು. ಹೈಕಮಿಷನರ್ ಅವರು ಬಂಧಿತರನ್ನು ಬಿಡಿಸಿದರಷ್ಟೇ ಸಾಲದು. ಜಾಫ್ನಾದ ದಡದಲ್ಲಿ ನಿಂತು ಅಲ್ಲಿನವರ ದೂರನ್ನೂ ಕೇಳಿ, ಅದನ್ನು ದೆಹಲಿಗೂ ಚೆನ್ನೈಗೂ ಮುಲಾಜಿಲ್ಲದೆ ಬರೆದು ತಿಳಿಸಬೇಕು.